ಹೊಗೆ ಹೋದ ಮೇಲಿನ ಕೆಂಡ

ಬ್ರಯನ್‌ಸ್ಟನ್, ಜೊಹಾನ್ಸ್‌ಬರ್ಗ್
5 ಮೇ 1996, ಭಾನುವಾರ

ಅಕ್ಕ ಜೋಸಿನಾಗೆ,

ಈಸ್ಟರ್ ಹಬ್ಬಕ್ಕೆ ನಿನ್ನ ಮನೆಗೆ ಬಂದು ಹೋಗಿ ತಿಂಗಳಾಯಿತು. ಇವತ್ತಿಗೂ ಸೀನಿದರೆ ಕರವಸ್ತ್ರದ ಮೇಲೆ ಕಪ್ಪು ಬೀಳುತ್ತದೆ. ಚರ್ಚಿಗೆ ಹಾಕುವ ನನ್ನ ಬಿಳಿ ಕಾಲರನ್ನು ಮೂರು ಸಲ ಒಗೆದೆ, ಅದು ಬೂದಿ ಬಣ್ಣ ಬಿಡಲಿಲ್ಲ. ನಿಮ್ಮ ಕ್ವಾಗೂಕಾದಲ್ಲಿ ಸಂಜೆ ಐದಾದರೆ ಪ್ರತಿ ಮನೆಯ ಕೊಳವೆಯಿಂದಲೂ ಹೊಗೆ ಎದ್ದು, ಎದುರು ಬೀದಿಯಲ್ಲಿ ನಡೆಯುವವನು ಪಾದ್ರಿಯೋ ಕಳ್ಳನೋ ತಿಳಿಯುವುದಿಲ್ಲ. ಅಂಥದ್ದನ್ನು ನೀವು ಊರು ಎಂದು ಕರೆಯುತ್ತೀರಿ.

ನಮ್ಮಲ್ಲಿ ಚಳಿ ಬಂದರೆ ಗುಂಡಿ ಒತ್ತುತ್ತೇವೆ. ಹಾಸುಗಂಬಳಿಯ ಕೆಳಗೆ ನೆಲವೇ ಬಿಸಿಯಾಗುತ್ತದೆ. ಬೂದಿ ಎತ್ತಬೇಕಿಲ್ಲ, ಕಲ್ಲಿದ್ದಲು ಒಡೆಯಬೇಕಿಲ್ಲ, ಬೆಳಗಿನ ಜಾವ ಎದ್ದು ಊದಬೇಕಿಲ್ಲ. ಬರಿಗಾಲಲ್ಲಿ ನಡೆದರೆ ಹಸುಗೂಸಿನ ಕೆನ್ನೆ ಮುಟ್ಟಿದ ಹಾಗಿರುತ್ತದೆ. ನೀನೋ, ಕಬ್ಬಿಣದ ಹಂದಿಯಂಥ ಆ ಕಲ್ಲಿದ್ದಲ ಒಲೆಗೆ ಶನಿವಾರ ಶನಿವಾರ ಕರಿ ಪಾಲಿಶ್ ಹಚ್ಚಿ, ಬಂದವರೆಲ್ಲ ಅದರ ಹೊಳಪನ್ನು ಹೊಗಳಲಿ ಎಂದು ಕಾಯುತ್ತಾ ಕೂರುತ್ತೀಯ. ಹಂದಿಗೆ ಪೌಡರ್ ಹಚ್ಚಿದರೆ ಅದು ಮದುಮಗಳಾಗುವುದಿಲ್ಲ.

ನಾನು ಜಗಳಕ್ಕೆ ಬರೆಯುತ್ತಿಲ್ಲ. ಆ ಮೂರು ದಿನ ಅವ್ವ ಕೆಮ್ಮಿದ್ದನ್ನು ಗೋಡೆಯಾಚೆಯಿಂದ ಕೇಳಿದ್ದೇನೆ. ನಿನಗೆ ಅಭ್ಯಾಸವಾಗಿದೆ, ನನಗಾಗಿಲ್ಲ. ಈ ಚಳಿಗಾಲ ಅವ್ವ ನಿನ್ನ ಹೊಗೆಯಲ್ಲಿ ಕಳೆದರೆ ಮುಂದಿನದನ್ನು ನೋಡುವುದಿಲ್ಲ. ಅವಳಿರಬೇಕಾದದ್ದು ಇಲ್ಲಿ.

ಡಾರ್ಕಸ್

*

ಕ್ವಾಗೂಕಾ, ವಿಟ್‌ಬ್ಯಾಂಕ್
16 ಮೇ 1996

ದೊರೆಸಾನಿ ಡಾರ್ಕಸ್ ಅವರ ಪಾದಕ್ಕೆ,

ಬಿಸಿಯಾದ ನೆಲದ ಮೇಲೆ ನಿಂತಿರುವ ಪಾದಕ್ಕೆ ಎಂದು ಓದಿಕೊಳ್ಳಿ.

"ನಮ್ಮಲ್ಲಿ" ಎಂದು ಬರೆದಿದ್ದೀಯ. ಯಾರಲ್ಲಿ? ಆ ನೆಲ ಯಾರದು? ಹನ್ನೊಂದು ವರ್ಷ ಅದನ್ನು ಮಂಡಿಯೂರಿ ಒರೆಸಿದವಳು ನೀನು, ಅದರ ಮೇಲೆ ಕಾಲು ಚಾಚುವವಳು ನಿನ್ನ ದೊರೆಸಾನಿ. ಕಂಡವರ ಮನೆಯ ಬಿಸಿಗೆ ನೀನು ಮೀಸೆ ತಿರುವುತ್ತೀಯ.

ನನ್ನ ಒಲೆಯ ವಿಷಯ ಕೇಳು. ಬೆಳಿಗ್ಗೆ ಒಂದು ಬಕೆಟ್ ಕಲ್ಲಿದ್ದಲು ಹಾಕಿದರೆ ಗಂಜಿ ಬೇಯುತ್ತದೆ, ಮೀಯಲು ನೀರು ಕಾಯುತ್ತದೆ, ಒಲೆಯ ಹೊಟ್ಟೆಯೊಳಗೆ ಬ್ರೆಡ್ ಉಬ್ಬುತ್ತದೆ, ಮೇಲೆ ನನ್ನ ನಾಲ್ಕು ಇಸ್ತ್ರಿ ಪೆಟ್ಟಿಗೆ ಸಾಲಾಗಿ ಕಾಯುತ್ತವೆ, ತಂತಿಯ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ, ಅವ್ವನ ಬೆನ್ನು ಬೆಚ್ಚಗಾಗುತ್ತದೆ. ಪೇಟೆಯವರ ಅಂಗಿಗಳಿಗೆ ಇಸ್ತ್ರಿ ಹಾಕಿ ನಾನು ಅನ್ನ ತಿನ್ನುವುದು ಇದರಿಂದಲೇ. ನಿನ್ನ ಗುಂಡಿ ಒತ್ತಿದರೆ ನೆಲ ಬಿಸಿಯಾಗುತ್ತದೆ. ಆಮೇಲೆ? ನೆಲವನ್ನು ತಿನ್ನುತ್ತೀರಾ?

ಕರೆಂಟಿನವರು ನಮ್ಮ ಬೀದಿಗೂ ಬಂದಿದ್ದರು. ಗೋಡೆಗೆ ಕರೆಂಟಿನ ಡಬ್ಬಿ ಹೊಡೆಯುತ್ತೇವೆ ಎಂದರು. ಪಕ್ಕದ ಮಾ-ಮಬೇನಾ ಹೊಡೆಸಿಕೊಂಡಳು. ಈಗ ಅವಳು ಕೆಟಲ್ ಹಚ್ಚಿದರೆ ಹೀಟರ್ ಆರಿಸಬೇಕು, ಹೀಟರ್ ಹಚ್ಚಿದರೆ ಮುದ್ದೆಯ ಪಾತ್ರೆ ಇಳಿಸಬೇಕು. ನಿನ್ನೆ ಸಂಜೆ ತಟ್ಟೆ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದು ಕೂತಳು. "ಯಾಕೆ, ನಿನ್ನ ಡಬ್ಬಿ ಎಲ್ಲಿ?" ಅಂದೆ. "ಐತೆ ಬಿಡೆ, ನೋಡಾಕೆ ಚೆನ್ನಾಗೈತೆ" ಅಂದಳು. ಕರೆಂಟಿನವರನ್ನು ನಾನು ಗೇಟಿನಿಂದಲೇ ಕಳಿಸಿದೆ.

ಗ್ಯಾಸ್ ಎಂದರೆ ಮನೆಯೊಳಗೆ ಬಾಂಬು ಸಾಕಿದ ಹಾಗೆ. ಇನ್ನು ಸೀಮೆಎಣ್ಣೆ. ಅದು ಮನೆಯಿಲ್ಲದವರ ಬೆಂಕಿ. ತಗಡಿನ ಗುಡಿಸಲಲ್ಲಿ ಚಹಾಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ ವಾಸನೆ. ಅಂಥವರು ಪಕ್ಕದಲ್ಲಿ ಬಂದು ಕೂತರೆ ಚರ್ಚಿನಲ್ಲಿ ಗೊತ್ತಾಗಿಬಿಡುತ್ತದೆ.

ಅವ್ವನ ಕೆಮ್ಮು ವಯಸ್ಸಿನದು. ಎಪ್ಪತ್ತಮೂರಕ್ಕೆ ನೀನೂ ಕೆಮ್ಮುತ್ತೀಯ.

ಜೋಸಿನಾ

*

ಬ್ರಯನ್‌ಸ್ಟನ್
26 ಮೇ 1996

ಅಕ್ಕ,

ಸೀಮೆಎಣ್ಣೆಯವರ ಬಗ್ಗೆ ಹಾಗೆಲ್ಲ ಬರೆಯಬೇಡ. ಎಲ್ಲರ ಗಂಡಂದಿರೂ ಗಣಿಯಲ್ಲಿ ಸತ್ತು ಹೆಂಡತಿಗೆ ಒಲೆ ಕೊಡಿಸಿ ಹೋಗುವುದಿಲ್ಲ. ಸೈಮನ್ ಭಾವ ಒಳ್ಳೆಯವನು. ಕಲ್ಲಿದ್ದಲು ಅವನನ್ನು ನೆಲದ ಕೆಳಗೆ ತಿಂದಿತು, ನೀನು ಅದನ್ನೇ ಮನೆಯೊಳಗೆ ಕೂರಿಸಿ ಪಾಲಿಶ್ ಹಚ್ಚುತ್ತಿದ್ದೀಯ. ಇದನ್ನು ಬರೆಯಬಾರದೆಂದಿದ್ದೆ, ನೀನೇ ಬರೆಸಿದೆ.

ಮೊನ್ನೆ ಇಲ್ಲಿ ಹಿಮ ಬೀಳುವ ಹಾಗಿತ್ತು. ದೊರೆಸಾನಿ ಒಳ ಅಂಗಿಯಲ್ಲೇ ಓಡಾಡುತ್ತಿದ್ದಳು ಎಂದರೆ ಮನೆ ಎಷ್ಟು ಬೆಚ್ಚಗಿತ್ತು ನೀನೇ ಯೋಚಿಸು. ನನಗೆ ಒಂದು ಮೂಲೆ ಕೋಣೆ ಇದೆ, ಅದರ ನೆಲವೂ ಬಿಸಿ. ಅವ್ವನಿಗೆ ಮಂಚ ಹಾಕಲು ಜಾಗ ಬೇಕಾದಷ್ಟಿದೆ.

ನೀನು ಕಳಿಸುವುದಿಲ್ಲ, ನನಗೆ ಗೊತ್ತು. ಅವ್ವ ಹೊರಟು ಹೋದರೆ ಆ ಒಲೆ ಯಾರಿಗೋಸ್ಕರ ಎಂದು ಊರವರು ಕೇಳುತ್ತಾರಲ್ಲ. ನಿನಗೆ ಅವ್ವ ಬೇಕಿರುವುದು ಒಲೆಯ ಮುಂದೆ ಕೂರಿಸುವುದಕ್ಕೆ, ಅಂಗಡಿಯವರು ಗೊಂಬೆ ಕೂರಿಸಿದ ಹಾಗೆ. ಕಳಿಸುವ ಧೈರ್ಯ ನಿನಗಿಲ್ಲ.

ಡಾರ್ಕಸ್

*

ಕ್ವಾಗೂಕಾ
8 ಜೂನ್ 1996

ಡಾರ್ಕಸ್,

ಧೈರ್ಯದ ಮಾತೆತ್ತಿದೆ, ಸರಿ. ಬರುವ ಶನಿವಾರ, 15ನೇ ತಾರೀಕು, ಅವ್ವ ವಿಟ್‌ಬ್ಯಾಂಕಿನ ಟ್ಯಾಕ್ಸಿಯಲ್ಲಿ ಹೊರಡುತ್ತಾಳೆ. ಹನ್ನೊಂದಕ್ಕೆ ನೂರ್ಡ್ ಬೀದಿಯ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದು ನಿಲ್ಲು. ತಡ ಮಾಡಬೇಡ, ಅವಳು ಬಹಳ ಹೊತ್ತು ನಿಲ್ಲಲಾರಳು.

ಅರ್ಧ ಮೂಟೆ ಕಲ್ಲಿದ್ದಲು ಕಟ್ಟಿಕೊಂಡಿದ್ದಾಳೆ. ನಾನು ನಕ್ಕೆ. "ಅವ್ವ, ಅವರ ಮನೇಲಿ ನೆಲಾನೇ ಒಲೆಯಂತೆ, ಇದನ್ನ ಎಲ್ಲಿಡ್ತೀಯ?" ಅಂದೆ. "ಮಗಳ ಮನೆಗೆ ಕೈಬೀಸಿಕೊಂಡು ಹೋಗೋಕೆ ನಾನೇನು ಪೊಲೀಸಾ?" ಅಂದಳು. ಚಾಲಕ ಆ ಮೂಟೆಗೂ ಒಂದು ಸೀಟು ಲೆಕ್ಕ ಹಾಕುತ್ತಾನಂತೆ. ಕೊಡು.

ನಿನ್ನ ಬಿಸಿ ನೆಲ ಎಷ್ಟು ಬಿಸಿ ಎಂದು ಈಗ ಗೊತ್ತಾಗಲಿ.

ಜೋಸಿನಾ

*

ಬ್ರಯನ್‌ಸ್ಟನ್
13 ಜೂನ್ 1996, ಗುರುವಾರ

ಅಕ್ಕ,

ನಿನ್ನ ಕಾಗದ ಈಗ ಬಂತು. ಈ ಶನಿವಾರ ಆಗುವುದಿಲ್ಲ. ದೊರೆಸಾನಿಯ ತಮ್ಮ ಸಂಸಾರ ಸಮೇತ ಬಂದಿದ್ದಾನೆ, ನನ್ನ ಕೋಣೆ ಅವರ ಮಕ್ಕಳಿಗೆ ಕೊಟ್ಟಿದ್ದಾರೆ. ನೆಲದ ತಂತಿಯೂ ಎಲ್ಲೋ ಸುಟ್ಟಿದೆ, ರಿಪೇರಿಯವರು ಬರಬೇಕು. ಆಗಸ್ಟಿನಲ್ಲಿ ಕಳಿಸು. ಅಥವಾ ಸೆಪ್ಟೆಂಬರ್. ದಯವಿಟ್ಟು ಈ ಶನಿವಾರ ಮಾತ್ರ ಕಳಿಸಬೇಡ.

ಅವಸರದಲ್ಲಿ ಬರೆದಿದ್ದೇನೆ, ತಪ್ಪು ತಿಳಿಯಬೇಡ.

ಡಾರ್ಕಸ್

*

ಕ್ವಾಗೂಕಾ
19 ಜೂನ್ 1996

ಡಾರ್ಕಸ್,

ನಿನ್ನ ಕಾಗದ ನಿನ್ನೆ ಮಂಗಳವಾರ ಬಂತು. ಅಷ್ಟರಲ್ಲಿ ಅವ್ವ ನಿನ್ನ ನೆಲದ ಮೇಲೆ ಕೂತು ಮೂರು ದಿನವಾಗಿತ್ತು. ಕರೆಯುವಾಗ ಗಂಟಲು ಹರಿಯುವಷ್ಟು ಕರೆದೆ. ಬರುತ್ತಾಳೆ ಎಂದ ಕೂಡಲೇ ತಮ್ಮ ಬಂದ, ತಂತಿ ಸುಟ್ಟಿತು. ನಿನಗೆ ತಾಯಿ ಬೇಕಿರಲಿಲ್ಲ, ತಾಯಿಯನ್ನು ಕರೆದೆ ಎನ್ನುವ ಹೆಸರು ಬೇಕಿತ್ತು. ನಾಚಿಕೆ ಎನ್ನುವುದು ಕರೆಂಟಿನಲ್ಲಿ ಸುಟ್ಟುಹೋಗುತ್ತದೋ ಏನೋ.

ತಂತಿ ರಿಪೇರಿಯಾಯಿತೇ? ಅವ್ವ ಎಲ್ಲಿ ಮಲಗುತ್ತಾಳೆ? ಎರಡು ದಿಂಬು ಕೊಡು, ಒಂದು ಸಾಲದು. ಕೆಮ್ಮಿದಾಗ ಏನಾದರೂ ಬಿದ್ದರೆ ಅದರ ಬಣ್ಣ ನೋಡು. ಉಸಿರಾಡುವಾಗ ಎದೆಯಲ್ಲಿ ಸಿಳ್ಳೆಯ ಹಾಗೆ ಕೇಳುತ್ತದೆಯೇ, ಮೆಟ್ಟಿಲು ಹತ್ತಿದರೆ ಎಷ್ಟು ಹೊತ್ತು ಏದುತ್ತಾಳೆ ಎಲ್ಲ ಬರೆ. ನನಗೇನೂ ಚಿಂತೆಯಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ನಿನ್ನ ಆ ಪರಿಶುದ್ಧ ಗಾಳಿ ಏನು ಕಡಿದು ಕಟ್ಟೆ ಹಾಕಿದೆ ನೋಡೋಣ ಅಂತ.

ಇಲ್ಲಿ ಒಲೆಯ ಪಕ್ಕದ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆ ಇಟ್ಟಿದ್ದೇನೆ. ಜಾಗ ಖಾಲಿ ಇದ್ದರೆ ಕಣ್ಣಿಗೆ ಕಿರಿಕಿರಿ.

ಜೋಸಿನಾ

*

ಬ್ರಯನ್‌ಸ್ಟನ್
24 ಜೂನ್ 1996

ಅಕ್ಕ,

ಅವ್ವ ಸುಖವಾಗಿದ್ದಾಳೆ. ತಂತಿ ಸರಿಯಾಯಿತು. ಇಡೀ ದಿನ ನೆಲದ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. ಇಲ್ಲಿ ಮೆಟ್ಟಿಲು ಇಲ್ಲ. ಕೆಮ್ಮು ಇದೆ, ಕಡಿಮೆಯೂ ಅಲ್ಲ ಹೆಚ್ಚೂ ಅಲ್ಲ. ಎರಡು ದಿಂಬು ಕೊಟ್ಟಿದ್ದೇನೆ. ಪಕ್ಕದ ಮಾ-ಮಾಸೆಕೊ ಬಂದು ಅವಳ ಜೊತೆ ಹರಟುತ್ತಾಳೆ, ಆಕೆ ಪಕ್ಕದ ಮನೆಯ ಕೆಲಸದವಳು.

ನಿನ್ನ ವ್ಯಂಗ್ಯವೆಲ್ಲ ಓದಿದೆ. ಉತ್ತರ ಕೊಡುವಷ್ಟು ನನಗೆ ಪುರುಸೊತ್ತಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಬಿಳಿಯರಿಗೆ ಈಗ ನಮ್ಮ ತೂತಿನ ಡಬ್ಬಿಯ ಅಗ್ಗಿಷ್ಟಿಕೆಯ ಮೇಲೆ ಆಸೆ ಬಂದಿದೆ. ದೊರೆಸಾನಿ ಅವ್ವ ತಂದ ಕಲ್ಲಿದ್ದಲು ನೋಡಿ, ಅಂಗಳದಲ್ಲಿ ಹಚ್ಚಿ ಆಮೇಲೆ ಒಳಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಅವ್ವ ಇಡಬಹುದು ಎನ್ನುತ್ತಾಳೆ. ನನಗೆ ಧೈರ್ಯವಿಲ್ಲ, ನಾನು ಮರೆತು ಬಹಳ ವರ್ಷವಾಯಿತು. ಎಷ್ಟು ಹೊತ್ತು ಹೊರಗಿಡಬೇಕು ಎಂದು ಕಲ್ಲಿದ್ದಲಿನ ಪಂಡಿತೆಯಾದ ನೀನು ಬರೆ.

ಡಾರ್ಕಸ್

*

ಕ್ವಾಗೂಕಾ
1 ಜುಲೈ 1996

ಡಾರ್ಕಸ್,

ನಿನ್ನ ಕಾಗದವನ್ನು ಮಾ-ಮಬೇನಾಗೆ ಎರಡು ಸಲ ಓದಿ ಹೇಳಿದೆ. ನೆಲ ಬಿಸಿ ಮಾಡಿಕೊಳ್ಳುವವರು ಕೊನೆಗೆ ಕೆಂಡದ ಮುಂದೆ ಬಂದು ಕೂತರಲ್ಲ, ಅಷ್ಟು ಸಾಕು ನನಗೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡವರು ಈಗ ನಮ್ಮ ತೂತಿನ ಡಬ್ಬಿ ಕೇಳುತ್ತಿದ್ದಾರೆ. ನಾಳೆ ಮಸಿಯನ್ನೂ ಕೇಳುತ್ತಾರೆ, ಕೆನ್ನೆಗೆ ಹಚ್ಚಿಕೊಳ್ಳಲು.

ನಿನಗೆ ನೆನಪಿಲ್ಲವೇ? ಹತ್ತು ವರ್ಷದ ಮಗುವಿಗೆ ಗೊತ್ತಿರುವುದು ನಿನಗೆ ಮರೆತುಹೋಯಿತೇ? ಡಬ್ಬಿಯ ತಳಕ್ಕೆ ಕಾಗದ, ಸೌದೆ ಚೂರು, ಮೇಲೆ ಕಲ್ಲಿದ್ದಲು. ಅಂಗಳದಲ್ಲಿ ಗಾಳಿಗಿಟ್ಟು ಹಚ್ಚು. ಮೊದಲು ಹಳದಿ ಹೊಗೆ, ಆಮೇಲೆ ಬಿಳಿ, ಆಮೇಲೆ ಏನೂ ಇಲ್ಲ. ಕೆಂಡ ನಿಗಿನಿಗಿ ಆಯಿತು, ಹೊಗೆ ಪೂರಾ ಹೋಯಿತು ಎಂದ ಮೇಲೆ ಒಳಗೆ ತಂದು ಬಾಗಿಲು ಹಾಕಿಕೊ. ಹೊಗೆ ಹೋಯಿತೆಂದರೆ ಕೇಡೂ ಹೋಯಿತು. ಕೆಟ್ಟದ್ದೆಲ್ಲ ಹೊಗೆಯಲ್ಲಿರುತ್ತದೆ, ಕೆಂಡ ಶುದ್ಧ. ನಮ್ಮ ಅಜ್ಜಿ, ಅವಳ ಅಜ್ಜಿ ಎಲ್ಲ ಹಾಗೇ ಬದುಕಿದರು. ದೊರೆಸಾನಿಗೆ ಹೀಗೇ ಹೇಳು, ಜೋಸಿನಾ ಹೇಳಿದಳೆಂದು ಹೇಳು.

ಅವ್ವನ ಕಫದ ಬಣ್ಣ ನೀನು ಬರೆಯಲಿಲ್ಲ. ಕೇಳಿದ್ದನ್ನು ಬಿಟ್ಟು ಊರ ಪುರಾಣ ಬರೆಯುವುದು ನಿನ್ನ ಹಳೆಯ ಚಾಳಿ.

ಜೋಸಿನಾ

*

ಜೊಹಾನ್ಸ್‌ಬರ್ಗ್, ಆಸ್ಪತ್ರೆಯಿಂದ
17 ಜುಲೈ 1996, ಬುಧವಾರ

ಅಕ್ಕ,

ಮೊದಲು ಇದು: ಅವ್ವ ಬದುಕಿದ್ದಾಳೆ. ನಾನೂ ಬದುಕಿದ್ದೇನೆ. ಉಳಿದದ್ದನ್ನು ಕೂತು ಓದು.

ನಾನು ಬ್ರಯನ್‌ಸ್ಟನ್ನಿನಲ್ಲಿ ಇಲ್ಲ. ದೊರೆಸಾನಿ ಹೋದ ಅಕ್ಟೋಬರಿನಲ್ಲೇ ಮನೆ ಮಾರಿ ಇಂಗ್ಲೆಂಡಿಗೆ ಹೋದಳು. ಹೋಗುವಾಗ ಒಂದು ಕಂಬಳಿ ಕೊಟ್ಟು ಕೆನ್ನೆಗೆ ಮುತ್ತು ಕೊಟ್ಟಳು. ಬ್ರಯನ್‌ಸ್ಟನ್ ಅಂಚೆ ಕಚೇರಿಯಲ್ಲಿ ನನ್ನ ಹೆಸರಿಗಿದ್ದ ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಂಡೆ, ನಿನ್ನ ಕಾಗದಗಳಿಗೋಸ್ಕರ. ಒಂಬತ್ತು ತಿಂಗಳಿಂದ ನಾನಿರುವುದು ಅಲೆಕ್ಸಾಂಡ್ರಾದ ಒಂದು ತಗಡಿನ ಗುಡಿಸಲಲ್ಲಿ. ಬೆಂಕಿ ಎಂದರೆ ಸೀಮೆಎಣ್ಣೆ ಸ್ಟೋವ್. ಚರ್ಚಿನಲ್ಲಿ ಗೊತ್ತಾಗಿಬಿಡುತ್ತದೆ ಎಂದು ಬರೆದಿದ್ದೆಯಲ್ಲ, ಹೌದು, ಗೊತ್ತಾಗುತ್ತದೆ. ಅದಕ್ಕೇ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಅವ್ವನನ್ನು ನೀನು ಕಳಿಸುವುದಿಲ್ಲ ಎಂದು ನಂಬಿ ಕರೆದೆ. ಇದಕ್ಕಿಂತ ಹೊಲಸು ಕೆಲಸ ನಾನು ಮಾಡಿಲ್ಲ. ಸ್ಟ್ಯಾಂಡಿನಲ್ಲಿ ಅವಳು ಇಳಿದಾಗ ಅದೇ ಟ್ಯಾಕ್ಸಿಗೆ ಹತ್ತಿಸಿ ಕಳಿಸಿಬಿಡೋಣ ಎಂದುಕೊಂಡಿದ್ದೆ. ಅವಳು ನನ್ನ ತೋಳು ಹಿಡಿದುಕೊಂಡು, "ನಡಿ, ನಿನ್ನ ನೆಲ ತೋರ್ಸು" ಅಂದಳು. ಗುಡಿಸಲ ಬಾಗಿಲು ತೆಗೆದೆ. ಒಳಗೆ ಬಂದು ಸುತ್ತ ನೋಡಿ, ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ಕಾಲಿಟ್ಟಳು. "ಸ್ವಲ್ಪ ತಣ್ಣಗೈತೆ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಚಳಿಗೆ ಹೆದರಿ ನಾನು ತಗಡಿನ ಸಂದಿಗಳಿಗೆಲ್ಲ ಹಳೆಯ ಪೇಪರ್ ತುರುಕಿ, ಪ್ಲಾಸ್ಟಿಕ್ ಹೊಡೆದು, ಬಾಗಿಲ ಕೆಳಗೆ ಚಿಂದಿ ಒತ್ತಿದ್ದೆ. ಸೀಮೆಎಣ್ಣೆಯ ಘಾಟಿಗೆ ಅವ್ವನ ಕೆಮ್ಮು ದಿನದಿನಕ್ಕೂ ಏರಿತು. ಅದಕ್ಕೇ ಅವಳ ಕಲ್ಲಿದ್ದಲಿನ ಕಡೆ ನೋಡಿದೆ. ದೊರೆಸಾನಿ ಕೇಳಿದಳು ಎಂದು ಬರೆದದ್ದು ಅದೇ. ನಿನ್ನ ಕಾಗದ ಓದಿ ಹೇಳಿದಾಗ ಅವ್ವ ನಕ್ಕಳು. "ನಾನು ಹೇಳಿದ್ರೆ ಕೇಳಲಿಲ್ಲ, ಜೋಸಿನಾ ಬರೆದ್ರೆ ಬೈಬಲ್ಲು" ಅಂದಳು.

ಈ ಭಾನುವಾರ ಗಾಳಿ ಚಾಕುವಿನ ಹಾಗಿತ್ತು. ಚರ್ಚಿನಿಂದ ಬಂದು, ಊಟ ಮಾಡಿ, ನೀನು ಬರೆದ ಹಾಗೇ ಹೊರಗೆ ಹಚ್ಚಿದೆ. ಹೊಗೆ ಪೂರಾ ಹೋಗುವ ತನಕ ನಿಂತೆ. ಒಂದು ಎಳೆಯೂ ಇರಲಿಲ್ಲ. ಒಳಗೆ ತಂದು ಬಾಗಿಲು ಹಾಕಿದೆವು. ಎಷ್ಟು ಹಿತವಾಗಿತ್ತು ಎಂದರೆ, ಈ ಒಂಬತ್ತು ತಿಂಗಳಲ್ಲಿ ಮೊದಲ ಸಲ ನಾನು ಶಾಲು ತೆಗೆದಿಟ್ಟೆ. ತಲೆ ಭಾರವಾಯಿತು. ಊಟ ಜಾಸ್ತಿಯಾಯಿತು ಎಂದುಕೊಂಡೆ. ಅಷ್ಟೇ ನೆನಪಿರುವುದು. ಪಕ್ಕದ ಗುಡಿಸಲಿನ ಮಾ-ಮಾಸೆಕೊ ಜರಡಿ ಕೇಳಲು ಬಂದವಳು ಬಾಗಿಲು ಒದ್ದು ಇಬ್ಬರನ್ನೂ ಎಳೆದು ಹಾಕಿದಳಂತೆ.

ಡಾಕ್ಟರ್ ಹೇಳಿದರು: ಕೆಂಡದಲ್ಲಿ ಇನ್ನೊಂದು ವಿಷ ಇರುತ್ತದೆ, ಅದಕ್ಕೆ ಹೊಗೆಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕೆಮ್ಮಿಸಿ ಎಬ್ಬಿಸುತ್ತದೆ, ಇದು ಜೋಗುಳ ಹಾಡುತ್ತದೆ. "ನಿಮ್ಮ ಕಡೆಯವರಿಗೆ ಪ್ರತಿ ಚಳಿಗಾಲವೂ ಇದನ್ನ ಹೇಳಿ ಹೇಳಿ ಸಾಕಾಯ್ತಮ್ಮ" ಅಂದರು. ನನ್ನ ಮೈಯಿಂದ ವಿಷ ಇಳಿದಿದೆ. ಅವ್ವನ ಎದೆ ಮೊದಲೇ ಹಾಳಾಗಿತ್ತಂತೆ, ಈಗ ನೀರು ತುಂಬಿದೆ.

ಅವ್ವ ಪಕ್ಕದಲ್ಲೇ ಇದ್ದಾಳೆ. ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ಬೆಣ್ಣೆ ಸವರಬಾರದಂತೆ. ಬರೆಯುತ್ತಿದ್ದೇನೆ:

"ಜೋಸಿನಾ, ನೀನು ಮುಠ್ಠಾಳಿ. ಇವಳು ನಿನಗಿಂತ ದೊಡ್ಡ ಮುಠ್ಠಾಳಿ. ಬರೆದ್ಯೇನೇ? ಬರಿ. ಕೆಂಡ ಒಳಗೆ ತಾ ಅಂದವಳು ನಾನು, ಮೂರನೇ ಮುಠ್ಠಾಳಿ. ಅರವತ್ತು ವರ್ಷ ತಂದಿದೀನಿ, ಏನೂ ಆಗಿರ್ಲಿಲ್ಲ. ನಮ್ಮ ಮನೆ ಬಾಗಿಲ ಕೆಳಗೆ ಬೆಕ್ಕು ನುಗ್ಗೋಷ್ಟು ಸಂದಿ ಇರ್ತಿತ್ತು. ಇವಳದ್ದು ಬಲು ಅಚ್ಚುಕಟ್ಟು. ನರ್ಸು ನಿನಗೆ ಮಾರ್ಚಿನಲ್ಲಿ ಏನು ಹೇಳಿದ್ಲು ನಂಗೂ ಕೇಳಿಸ್ತು. ನನ್ನ ಎದೆ ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ಇವಳ ಮೈಯಲ್ಲಿ ಸೀಮೆಎಣ್ಣೆ ವಾಸನೆ ಈಸ್ಟರಲ್ಲೇ ಹೊಡೀತಿತ್ತು. ಮೂಗೂ ಕೆಟ್ಟಿಲ್ಲ. ಎಲ್ಲಾ ಗೊತ್ತಿದ್ದೂ ಯಾಕೆ ಬಂದೆ ಅಂತೀಯ? ಹನ್ನೊಂದು ವರ್ಷದಲ್ಲಿ ಈ ಹುಡುಗಿ ಒಂದು ಸಲಾನೂ ಬಾ ಅಂದಿರ್ಲಿಲ್ಲ. ಸುಳ್ಳಿಗಾದ್ರೂ ಕರೆದ್ಲು. ಬಂದೆ. ಇಬ್ರೂ ನನ್ನ ಮುಂದಿಟ್ಕೊಂಡು ಒಲೆ ಜಗಳ ಆಡಿದ್ರಿ, ಒಬ್ಬಳಾದ್ರೂ ಅವ್ವ ನಿಂಗೆ ಎಲ್ಲಿರೋಕೆ ಇಷ್ಟ ಅಂತ ಕೇಳಿದ್ರಾ? ಸಾಕು, ಉಸಿರಿಲ್ಲ."

ಅವ್ವ ಹೇಳಿದ್ದು ಇಷ್ಟು. ನರ್ಸ್ ಏನು ಹೇಳಿದಳು ಅಕ್ಕ?

ಡಾರ್ಕಸ್

*

ಕ್ವಾಗೂಕಾ
22 ಜುಲೈ 1996, ಸೋಮವಾರ

ಡಾರ್ಕಸ್,

ಕ್ಲಿನಿಕ್ಕಿನ ಕಾರ್ಡು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮಾರ್ಚ್ 12ನೇ ತಾರೀಕು. "ಎರಡೂ ಕಡೆಯ ಶ್ವಾಸಕೋಶ ಹಾಳಾಗಿದೆ. ಕಲ್ಲಿದ್ದಲ ಒಲೆ ಇರುವ ಮನೆಯಲ್ಲಿ ಚಳಿಗಾಲ ಕಳೆಯಬಾರದು." ನರ್ಸ್ ಇದಕ್ಕೆ ಕೆಂಪು ಗೆರೆ ಎಳೆದಿದ್ದಾಳೆ. ನಾನು ಕಾರ್ಡನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಕರೆಂಟಿನವರು ಏಪ್ರಿಲಿನಲ್ಲಿ ಬಂದಾಗ ಈ ಕಾರ್ಡು ಮನೆಯಲ್ಲೇ ಇತ್ತು. ಆದರೂ ಗೇಟಿನಿಂದ ಕಳಿಸಿದೆ. ಒಲೆ ಸೈಮನ್ನನದು, ಇಸ್ತ್ರಿ ನನ್ನ ಅನ್ನ, ಇವೆಲ್ಲ ನಿಜ. ಆದರೆ ಅದಕ್ಕಲ್ಲ. ಈಸ್ಟರಿನಲ್ಲಿ ನೀನು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನನ್ನ ಅಡುಗೆಮನೆ ದಾಟಿದೆಯಲ್ಲ, ಅದಕ್ಕೆ. ನೀನು ಹೇಳಿದ್ದು ಸರಿ ಎಂದು ಒಪ್ಪುವುದಕ್ಕಿಂತ ಅವ್ವ ಕೆಮ್ಮುವುದೇ ಮೇಲು ಎನ್ನಿಸಿತು ನನಗೆ. ಇಂಥವಳು ನಾನು.

ಆಮೇಲೆ ಹೆದರಿಕೆಯಾಯಿತು. ನಿನ್ನ ಬಿಸಿ ನೆಲವನ್ನು ನಾನು ನಂಬಿದೆ, ಡಾರ್ಕಸ್. ಕಾಗದದಲ್ಲಿ ಹೀಯಾಳಿಸಿದೆ, ಒಳಗೊಳಗೆ ನಂಬಿದೆ. ಅಲ್ಲಿಗೆ ಹೋದರೆ ಅವ್ವ ಉಳಿಯುತ್ತಾಳೆ ಎಂದೇ ಕಳಿಸಿದ್ದು. ಸವಾಲು ಹಾಕಿದ ಹಾಗೆ ಬರೆದೆ, ಬೇಡಿಕೊಂಡ ಹಾಗೆ ಬರೆಯಲು ಕೈ ಬರಲಿಲ್ಲ. ಕೆಂಡ ಶುದ್ಧ ಎಂದು ಬರೆದ ಕೈಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಶುಕ್ರವಾರ ನಿನ್ನ ಕಾಗದ ಬಂತು. ಅಂದೇ ಮಾ-ಮಬೇನಾಳ ಅಳಿಯನನ್ನು ಕರೆಂಟಿನವರ ಹತ್ತಿರ ಓಡಿಸಿದೆ. ಶನಿವಾರ ಗೋಡೆಗೆ ಡಬ್ಬಿ ಹೊಡೆದು ಹೋದರು. ಭಾನುವಾರ ಆರು ಗಂಡಸರು ಸೇರಿ ಒಲೆಯನ್ನು ಅಂಗಳಕ್ಕೆ ಎಳೆದು ಹಾಕಿದರು. ಕೊಳವೆ ಇದ್ದ ಜಾಗಕ್ಕೆ ತಗಡು ಬಡಿಸಿದ್ದೇನೆ, ಗೋಡೆಗೆ ಸುಣ್ಣ ಹೊಡೆದಿದ್ದೇನೆ. ಎರಡು ಕೆಂಪು ಕಂಬಿಯ ಹೀಟರ್ ತಂದಿದ್ದೇನೆ, ಅವ್ವನ ಕೋಣೆಗೆ. ಅದು ಉರಿಯುವಾಗ ನಾನು ಇಸ್ತ್ರಿ ಹಾಕುವ ಹಾಗಿಲ್ಲ. ಹಾಕುವುದಿಲ್ಲ ಬಿಡು.

ಅವ್ವನಿಗೆ ಎಲ್ಲಿರೋಕೆ ಇಷ್ಟ ಅಂತ ನನ್ನ ಪರವಾಗಿ ಕೇಳು. ಇಲ್ಲಿ ಅಂದರೆ ಡಾಕ್ಟರ್ ಬಿಟ್ಟ ದಿನವೇ ಹೊರಡಿ, ನೀನೂ ಬಾ. ನಿನ್ನ ವಿಷಯ ಊರವರು ಎರಡು ವಾರ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಮನೆಯ ಕಥೆಗಳೂ ನನಗೆ ಗೊತ್ತಿವೆ.

ಜೋಸಿನಾ

*

ಅಲೆಕ್ಸಾಂಡ್ರಾ
25 ಜುಲೈ 1996, ಗುರುವಾರ

ಅಕ್ಕ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಕೈಗೆ ಬಂತು. ಅವ್ವ ನಿನ್ನೆ ಮಧ್ಯಾಹ್ನ ಹೋದಳು. ನಿನ್ನ ಮಾತನ್ನು ನಾನು ಅವಳಿಗೆ ಕೇಳಲಾಗಲಿಲ್ಲ. ಆದರೆ ಕಾಗದ ಬರುವ ಮೊದಲೇ ನಾನಾಗಿ ಕೇಳಿದ್ದೆ, ಮಂಗಳವಾರ. "ನೀವಿಬ್ರೂ ಬಾಯಿ ಮುಚ್ಕೊಂಡು ಕೂತಿರೋ ಕಡೆ" ಅಂದಳು. ಅಂಥ ಮನೆಯನ್ನು ನಾವು ಅವಳಿಗೆ ಒಂದು ದಿನಕ್ಕೂ ಕೊಡಲಿಲ್ಲ.

ಕಲ್ಲಿದ್ದಲಿನ ಮೇಲೆ ನನಗೆ ಈಗ ಯಾವ ತಿರಸ್ಕಾರವೂ ಇಲ್ಲ, ಸೀಮೆಎಣ್ಣೆಯ ಮೇಲೂ ಇಲ್ಲ. ಅವುಗಳ ಪಾಡಿಗೆ ಅವು ಉರಿಯುತ್ತವೆ. ಇರುವ ತಿರಸ್ಕಾರವೆಲ್ಲ ನಮ್ಮಿಬ್ಬರ ಮೇಲೆ, ಅದರಲ್ಲಿ ದೊಡ್ಡ ಪಾಲು ನನ್ನ ಮೇಲೆ.

ಅಂಚೆ ತಡವಾಗುತ್ತದೆಂದು ಈ ಕಾಗದವನ್ನು ವಿಟ್‌ಬ್ಯಾಂಕ್ ಟ್ಯಾಕ್ಸಿಯ ಚಾಲಕನ ಕೈಯಲ್ಲಿ ಕೊಟ್ಟಿದ್ದೇನೆ. ಅವ್ವನನ್ನು ಮುಂದಿನ ವಾರದ ಶುಕ್ರವಾರ, ಆಗಸ್ಟ್ 2ನೇ ತಾರೀಕು, ಮನೆಗೆ ತರುತ್ತೇನೆ. ಶನಿವಾರ ಬೆಳಿಗ್ಗೆ ಮಣ್ಣು. ಶುಕ್ರವಾರದಿಂದಲೇ ಬೀದಿಯವರು, ಚರ್ಚಿನ ಹೆಂಗಸರು ಎಲ್ಲ ಬಂದು ಕೂರುತ್ತಾರೆ. ಅಷ್ಟು ಜನಕ್ಕೆ ಚಹಾ, ಮುದ್ದೆ, ಬೀನ್ಸು, ಕೈಕಾಲಿಗೆ ಬಿಸಿನೀರು ನಿನ್ನ ಗೋಡೆಯ ಡಬ್ಬಿಯಿಂದ ಆಗುವುದಿಲ್ಲ. ಆ ಆರು ಗಂಡಸರನ್ನು ಮತ್ತೆ ಕರೆಸು. ಒಲೆಯನ್ನು ಒಳಗೆ ತಂದು ಕೊಳವೆ ಜೋಡಿಸು. ಹೊತ್ತಿಸು, ನಾನು ಬಂದು ಅದರ ಮುಂದೆ ಕೂರುತ್ತೇನೆ.

ಅವ್ವನನ್ನು ಮಲಗಿಸುವ ಕೋಣೆಯ ಬಾಗಿಲು ಮಾತ್ರ ಮುಚ್ಚಿರಲಿ, ಕಿಟಕಿ ತೆರೆದಿಡು. ನೀನು ತಂದ ಹೀಟರನ್ನು ಅಲ್ಲಿ ಹಚ್ಚಬೇಡ. ಆ ಕೋಣೆ ತಣ್ಣಗಿರಬೇಕು ಎಂದು ಶವ ತರುವವರು ಹೇಳಿದ್ದಾರೆ.

ಡಾರ್ಕಸ್